ಸೀಳುಗುಡ್ಡೆಯ ನೀರು

ಮಡಿಕಲ್, ಉಪ್ಪುಂದ
14-12-1998

ಪ್ರೀತಿಯ ಪುಷ್ಪನಿಗೆ ಅತ್ತಿಗೆ ಹರಿಣಾಕ್ಷಿಯ ಆಶೀರ್ವಾದ.

ನಾವೆಲ್ಲ ಇದ್ದ ಹಾಗೆ ಇದ್ದೇವೆ. ನಿನ್ನ ಅಣ್ಣ ದೋಣಿಗೆ ಹೊಸ ಎಂಜಿನ್ ಕೂರಿಸಿದ್ದಾರೆ. ಅವತ್ತಿನಿಂದ ಅವರ ಬಾಯಲ್ಲಿ ಸೀಳುಗುಡ್ಡೆಯದ್ದೇ ಮಾತು. ನಿನ್ನ ಅಪ್ಪಯ್ಯನ ಕಾಲದಲ್ಲಿ ಗಂಡಸರು ಆ ದ್ವೀಪದಲ್ಲಿ ತಿಂಗಳುಗಟ್ಟಲೆ ಉಳಿದು ಮೀನು ಒಣಗಿಸುತ್ತಿದ್ದರಂತೆ. ಈಗ ಅಲ್ಲಿಗೆ ಹೋಗುವವರೇ ಇಲ್ಲ. "ಪುಷ್ಪ, ರತನ ಬರ್ಲಿ. ಎಲ್ಲ ಒಟ್ಟಿಗೆ ಹೋಪ. ಟಾರ್ಪಾಲ್ ಕಟ್ಕಂಡ್ ಎರಡ್ ದಿನ ಅಲ್ಲೇ ಉಳ್ಕಂಬ" ಎನ್ನುತ್ತಾರೆ. ಧನ್ಯಶ್ರೀ ಈಗಲೇ ತನ್ನ ಬಟ್ಟೆ ಚೀಲಕ್ಕೆ ತುಂಬಿಸಿ ಇಟ್ಟಿದ್ದಾಳೆ. ಏಳು ವರ್ಷದ ಹುಡುಗಿಗೆ ಸಮುದ್ರದ ನಡುವೆ ಅಡುಗೆ ಮಾಡಿ ಉಣ್ಣುವುದೆಂದರೆ ಇನ್ನೇನು ಬೇಕು. ಅತ್ತೆ ಮಾತ್ರ, "ನಂಗ್ ಸಮುದ್ರ ಕಂಡ್ ಸಾಕಾಯ್ತ್, ನೀವ್ ಹೋಯ್ನಿ" ಎಂದರು.

ನಿಜ ಹೇಳುವುದಾದರೆ ನನಗೂ ಆಸೆ. ಮದುವೆಯಾಗಿ ಬಂದಂದಿನಿಂದ ಬುಟ್ಟಿ ಹೊತ್ತು ಬಿಜೂರಿನ ಮನೆಮನೆಗೆ ಮೀನು ಮಾರಿ ಬರುವುದೇ ಆಯಿತು. ಯಾರೂ ಕರೆಯದ ಜಾಗದಲ್ಲಿ ಎರಡು ದಿನ ಸುಮ್ಮನೆ ಕೂರಬೇಕು ಅನ್ನಿಸುತ್ತದೆ. ಈಗ ರೈಲು ಬಂದಿದೆ, ದೂರ ಎಂಬ ನೆಪ ಹೇಳಬೇಡ. ಗಂಡ ಹೆಂಡತಿ ಇಬ್ಬರೂ ಬರಬೇಕು, ರತನಣ್ಣನಿಗೂ ನಾನು ಕರೆದೆ ಎಂದು ಹೇಳು.

ನಿನ್ನ ಅತ್ತಿಗೆ
ಹರಿಣಾಕ್ಷಿ


ಭಾಂಡುಪ್, ಮುಂಬಯಿ
2-1-1999

ಅತ್ತಿಗೆಗೆ ಪುಷ್ಪ ಮಾಡುವ ನಮಸ್ಕಾರಗಳು.

ನಿಮ್ಮ ಕಾಗದ ಓದಿ ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದೆ. ಇವರಿಗೆ ಕ್ಯಾಂಟೀನಿನಲ್ಲಿ ಹತ್ತು ದಿನ ರಜೆ ಕೊಟ್ಟಿದ್ದಾರೆ. ಇಪ್ಪತ್ತೆಂಟಕ್ಕೆ ಹೊರಡುತ್ತೇವೆ. ದ್ವೀಪಕ್ಕೆ ಹೋಗುವುದು ಬೇಡ, ಮನೆಯಲ್ಲೇ ಇದ್ದು ಬರುವ ಎಂದು ಇವರು ಹೇಳಿದರು. ನಾನೇ ಹಠ ಮಾಡಿದೆ. ಇಲ್ಲಿ ನಮ್ಮ ಚಾಳಿನಲ್ಲಿ ಒಂದು ಕಿಟಕಿ, ಅದರ ಎದುರು ಇನ್ನೊಬ್ಬರ ಕಿಟಕಿ. ಒಮ್ಮೆ ಸುತ್ತಲೂ ಏನೂ ಇಲ್ಲದ ಕಡೆ ನಿಂತು ನೋಡಬೇಕು.

ನಿಮಗೊಂದು ವಿಷಯ ಹೇಳುವುದಿದೆ. ಕಾಗದದಲ್ಲಿ ಬೇಡ, ಬಂದಾಗ ಹೇಳುತ್ತೇನೆ. ಗಾಬರಿ ಏನಿಲ್ಲ.

ಅಮ್ಮನಿಗೆ ಮೊಣಕಾಲಿಗೆ ಹಚ್ಚಲು ಎಣ್ಣೆ ತರುತ್ತೇನೆ. ಧನ್ಯಳಿಗೆ ಏನು ಬೇಕು ಕೇಳಿ ಇಡಿ.

ನಿಮ್ಮ ಪುಷ್ಪ


ಮಡಿಕಲ್
18-2-1999

ಪ್ರೀತಿಯ ಪುಷ್ಪ,

ನೀವಿಬ್ಬರೂ ದ್ವೀಪದಿಂದ ಬಂದ ಮರುದಿನವೇ ಸರಿಯಾಗಿ ಒಂದು ಊಟವನ್ನೂ ಮಾಡದೆ ರೈಲು ಹತ್ತಿದಿರಿ. ನಿನ್ನ ಅಣ್ಣನಿಗೆ ಆಗ ಮಾತೇ ಹೊರಡುತ್ತಿರಲಿಲ್ಲ. ಈಗ ಸ್ವಲ್ಪ ಸ್ವಲ್ಪ ಹೇಳುತ್ತಾರೆ. ನಿನಗೂ ತಿಳಿದಿರಲಿ ಎಂದು ಬರೆಯುತ್ತೇನೆ.

ಆ ಆದಿತ್ಯವಾರ ಬೆಳಿಗ್ಗೆ "ಬಲೆ ಬಿಟ್ಟಿಕ್ ಮಧ್ಯಾಹ್ನದೊಳಗ್ ಬತ್ತೆ" ಎಂದು ನಮ್ಮ ನಾಲ್ವರನ್ನೂ ಗುಡ್ಡೆಯ ಮೇಲೆ ಬಿಟ್ಟು ಹೋದರಲ್ಲ, ಅರ್ಧ ಗಂಟೆಗೇ ಎಂಜಿನ್ ನಿಂತಿತಂತೆ. ಮೂಡು ಗಾಳಿ ದೋಣಿಯನ್ನು ಪಡುವಣಕ್ಕೆ ತಳ್ಳುತ್ತಾ ಹೋಯಿತು. ನಮ್ಮ ಎರಡು ನೀರಿನ ಕ್ಯಾನುಗಳಲ್ಲಿ ಒಂದು ದೋಣಿಯಲ್ಲೇ ಉಳಿದಿತ್ತು. ಅದನ್ನು ನೋಡಿದಾಗೆಲ್ಲ ಅವರಿಗೆ ನಮ್ಮ ನೆನಪಾಗಿ, ಬಾಯಿಗೆ ನೀರು ಹಾಕಿಕೊಳ್ಳಲೂ ಆಗಲಿಲ್ಲವಂತೆ. ಮಂಗಳವಾರ ಒಂದು ದೊಡ್ಡ ಬೋಟಿನವರು ಕಂಡು ಭಟ್ಕಳಕ್ಕೆ ಮುಟ್ಟಿಸಿದರು. ಅಲ್ಲಿಂದ ಊರಿಗೆ ಬಂದು, ತಿಮ್ಮನ ದೋಣಿ ಹಿಡಿದು ಬುಧವಾರ ಬೆಳಿಗ್ಗೆ ನಮ್ಮಲ್ಲಿಗೆ ಬಂದದ್ದು. ಎರಡು ದಿನಕ್ಕೆಂದು ಹೋದವರಾದ್ದರಿಂದ ಸೋಮವಾರದವರೆಗೆ ಮನೆಯಲ್ಲಿ ಯಾರಿಗೂ ಅನುಮಾನವೇ ಬರಲಿಲ್ಲ.

ಸೋಮವಾರ ನನ್ನ ಕೈಯಲ್ಲೇ ಆ ಕ್ಯಾನು ಮಗುಚಿ ಅರ್ಧ ನೀರು ಮರಳಿಗೆ ಹೋಯಿತಲ್ಲ, ಅದನ್ನು ಯೋಚಿಸಿದರೆ ಈಗಲೂ ಮೈ ಉರಿಯುತ್ತದೆ. ನೀವು ಯಾರೂ ಒಂದು ಮಾತು ಬಯ್ಯಲಿಲ್ಲ.

ಧನ್ಯ ಶಾಲೆಗೆ ಹೋಗುತ್ತಿದ್ದಾಳೆ. ರತನಣ್ಣ ಆರಾಮ ಇರಬೇಕು. ಆ ಮೂರು ದಿನದಲ್ಲಿ ನಮ್ಮಷ್ಟು ಬಾಡದವರು ಅವರೊಬ್ಬರೇ.

ಏನೋ ಹೇಳುವುದಿದೆ ಎಂದು ನೀನು ಬರೆದಿದ್ದೆ. ಹೇಳಲೇ ಇಲ್ಲ. ಏನದು?

ಹರಿಣಾಕ್ಷಿ


ಭಾಂಡುಪ್
25-4-1999

ಅತ್ತಿಗೆಗೆ ನಮಸ್ಕಾರ.

ಉತ್ತರ ತಡವಾಯಿತು. ಬಂದ ವಾರದಲ್ಲೇ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದೆ. ನಿಶ್ಶಕ್ತಿ ಎಂದರು. ಈಗ ನಡೆದಾಡುತ್ತೇನೆ. ಅಮ್ಮನಿಗೆ ಹೇಳಬೇಡಿ.

ಹೇಳಬೇಕೆಂದಿದ್ದ ವಿಷಯ ಏನೂ ಇಲ್ಲ. ಈಗ ಇಲ್ಲ.

ಧನ್ಯಳ ತುಟಿ ಒಡೆದದ್ದು ಮಾಯಿತೇ? ಇಲ್ಲಿ ನಲ್ಲಿ ಎದುರು ಕೊಡ ಹಿಡಿದು ನಿಂತಾಗ ಅವಳ ಮುಖವೇ ಬರುತ್ತದೆ. ಅವಳಿಗೆ ನನ್ನ ಮೇಲೆ ಸಿಟ್ಟಿಲ್ಲವಲ್ಲ.

ಹೆಚ್ಚು ಬರೆಯಲು ಕೈ ಬರುವುದಿಲ್ಲ.

ಪುಷ್ಪ


ಭಾಂಡುಪ್
20-11-2003

ಅತ್ತಿಗೆಗೆ,

ಇಷ್ಟು ವರ್ಷ ಫೋನಿನಲ್ಲಿ ಎರಡು ಮಾತಾಡಿಯೇ ಸಾಗಿತು. ಇದನ್ನು ಫೋನಿನಲ್ಲಿ ಕೇಳಲು ನನಗೆ ಧೈರ್ಯವಿಲ್ಲ.

ಅಮ್ಮನ ಉತ್ತರಕ್ರಿಯೆಗೆ, ಬೊಜ್ಜಕ್ಕೆ ಬಂದಾಗ ನೀವು ಪಂಕ್ತಿಯಲ್ಲಿ ಎಲ್ಲರಿಗೂ ಬಡಿಸಿದಿರಿ. ಇವರ ಎಲೆಯ ಹತ್ತಿರ ಬಂದಾಗ ಮುಖ ತಿರುಗಿಸಿ ಮುಂದೆ ಹೋದಿರಿ. ಇವರು ಕುಡಿಯಲು ನೀರು ಕೇಳಿದರು. ನೀವು ಚೊಂಬನ್ನು ತಂದು ಕುಕ್ಕಿ, "ಕುಡೀನಿ. ನಿಮ್ಗ್ ಬೇಕಾದಷ್ಟ್ ಕುಡೀನಿ" ಎಂದಿರಿ. ನಾನು ಬಾಗಿಲ ಬಳಿಯೇ ನಿಂತಿದ್ದೆ. ಇವರು ಎಲೆಗೆ ಕೈ ಮುಗಿದು ಎದ್ದರು.

ಇವರು ನಿಮಗೆ ಏನು ಮಾಡಿದ್ದಾರೆ? ರೈಲಿನಲ್ಲಿ ಮೂರು ಸಲ ಕೇಳಿದೆ. "ಬಿಡ್ ಪುಷ್ಪ, ಸಾವಿನ್ ಮನೆ, ಆಯಾಸ ಇರತ್ತ್" ಎಂದರು. ಅಮ್ಮ ತೀರಿದ್ದು ನನಗೂ ಅಲ್ಲವೇ? ಆಯಾಸ ನನಗೂ ಇತ್ತು. ದ್ವೀಪದಿಂದ ಬಂದ ಮೇಲೆ ನೀವು ಇವರ ಜೊತೆ ಒಂದು ಮಾತೂ ನೇರವಾಗಿ ಆಡಿಲ್ಲ. ಅಣ್ಣ ನಮ್ಮನ್ನು ಬಿಟ್ಟು ಹೋಗಿದ್ದಕ್ಕೆ ಇವರು ನಿಮ್ಮನ್ನು ದೂರಿದರೇ? ಇಲ್ಲವಲ್ಲ.

ತಪ್ಪಿದ್ದರೆ ಹೇಳಿ. ಇಲ್ಲದಿದ್ದರೆ ಇನ್ನು ನಾನು ಒಬ್ಬಳೇ ಬರುತ್ತೇನೆ, ಅಥವಾ ಬರುವುದಿಲ್ಲ.

ಪುಷ್ಪ


ಮಡಿಕಲ್
10-1-2004

ಪುಷ್ಪ,

ನಿನ್ನ ಕಾಗದ ಬಂದು ತಿಂಗಳಾಯಿತು. ನಾಲ್ಕು ಸಲ ಬರೆದು ಹರಿದೆ.

ನನಗೆ ದಣಿವಾಗಿದೆ. ಅತ್ತೆ ಹಾಸಿಗೆ ಹಿಡಿದ ಎರಡು ವರ್ಷ ನಾನು ಹೇಗೆ ಇದ್ದೆ ಎಂದು ನಿನಗೆ ಗೊತ್ತಿಲ್ಲ. ಪಂಕ್ತಿಯಲ್ಲಿ ಆಡಿದ ಮಾತು ಬಾಯಿ ತಪ್ಪಿ ಬಂದದ್ದು. ಆಡಬಾರದಿತ್ತು. ಆದರೆ ಕಾರಣ ನನ್ನನ್ನು ಕೇಳಬೇಡ. ರತನಣ್ಣನಿಗೇ ಗೊತ್ತಿದೆ. ಅವರು ಹೇಳದಿದ್ದರೆ ನಾನೂ ಹೇಳುವುದಿಲ್ಲ. ಹೇಳಿದರೆ ನನ್ನ ಮರ್ಯಾದೆಯೂ ಉಳಿಯುವುದಿಲ್ಲ.

ಇಷ್ಟಕ್ಕೆ ಬಿಡು.

ಹರಿಣಾಕ್ಷಿ


ಭಾಂಡುಪ್
16-9-2012

ಅತ್ತಿಗೆಗೆ ನಮಸ್ಕಾರ.

ಒಂಬತ್ತು ವರ್ಷವಾಗುತ್ತಾ ಬಂತು ನಾನು ನಿಮಗೆ ಕಾಗದ ಬರೆದು. ಧನ್ಯಳ ಮದುವೆ ನಿಶ್ಚಯವಾಯಿತೆಂದು ಚಂದ್ರಣ್ಣ ಫೋನು ಮಾಡಿದಾಗ ನಾನು "ಕಾಂಬ" ಎಂದಷ್ಟೇ ಹೇಳಿದೆ, ಬರುತ್ತೇನೆ ಎನ್ನಲಿಲ್ಲ. ಹುಡುಗ ಬ್ರಹ್ಮಾವರದ ಕಡೆಯವನಂತೆ, ಸಂತೋಷ.

ಇವರಿಗೆ ಕಳೆದ ವರ್ಷ ಲಕ್ವ ಹೊಡೆದದ್ದು ನಿಮಗೆ ಗೊತ್ತು. ಬಲಗೈ ಏಳುವುದಿಲ್ಲ. ಮಾತು ತೊದಲುತ್ತದೆ, ಕ್ಯಾಂಟೀನು ಬಿಟ್ಟಾಯಿತು. ಫೋನು ಇಟ್ಟ ಮೇಲೆ ನಾನು, "ನಿಮ್ಗ್ ಚೊಂಬ್ ಕುಕ್ಕಿದ್ ಮನಿಗ್ ನಾನ್ ಹೋತಿಲ್ಲೆ" ಎಂದೆ. ಇವರು ನನ್ನನ್ನು ಹತ್ತಿರ ಕೂರಿಸಿಕೊಂಡರು. ಆಮೇಲೆ ಒಂದೊಂದೇ ಮಾತು ಜೋಡಿಸಿ ಹೇಳಿದರು. ಮುಗಿಸುವುದಕ್ಕೆ ಎರಡು ದಿನ ಬೇಕಾಯಿತು.

ಅತ್ತಿಗೆ, ಆ ಕ್ಯಾನು ಮಗುಚಿರಲಿಲ್ಲ. ನೀವು ನೀರನ್ನು ಅಡುಗೆ ಎಣ್ಣೆಯ ಖಾಲಿ ಸಣ್ಣ ಕ್ಯಾನಿಗೆ ಸುರಿದು, ಗುಡ್ಡೆ ಸೀಳಿದ ಜಾಗದಲ್ಲಿ ಕಲ್ಲು ಮುಚ್ಚಿ ಇಟ್ಟಿದ್ದಿರಿ. ಸೋಮವಾರ ಮಧ್ಯಾಹ್ನ ನೀರು ಹುಡುಕುತ್ತಾ ಹೋದಾಗ ಇವರಿಗೆ ಅದು ಸಿಕ್ಕಿತು. ಧನ್ಯಳಿಗೆಂದು ಇಟ್ಟದ್ದು ಎಂದು ಕಂಡ ಕೂಡಲೇ ತಿಳಿಯಿತಂತೆ. ಅದರಿಂದ ತೆಂಗಿನ ಗೆರಟೆಯಲ್ಲಿ ಸ್ವಲ್ಪ ಸ್ವಲ್ಪ ತೆಗೆದು ನನಗೆ ತಂದು ಕೊಟ್ಟರು. ತಾವು ಕುಡಿಯಲಿಲ್ಲ. ಮರುದಿನ ಕ್ಯಾನಿನ ಮೇಲೆ ನೀರಿನ ಮಟ್ಟಕ್ಕೆ ಕತ್ತಿಯಿಂದ ಗೀರಿದ ಗುರುತು ಕಂಡಿತಂತೆ. ನೀರು ಕಡಿಮೆಯಾದದ್ದು ನಿಮಗೆ ಗೊತ್ತಾಗಿದೆ ಎಂದು ಅಂದೇ ತಿಳಿದು ಸುಮ್ಮನಿದ್ದರು. ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಹೇಳಿರೆ ಚಂದ್ರ ಬಾವನ್ ಎದ್ರ್ ಅಕ್ಕನ್ ಮರ್ಯಾದಿ ಹೋತಿತ್" ಎಂದರು.

ನನಗೆ ಆಗ ಮೂರು ತಿಂಗಳು ಕಳೆದಿತ್ತು. ನಿಮಗೆ ಹೇಳಬೇಕೆಂದಿದ್ದ ವಿಷಯ ಅದು. ಮೊದಲು ಎರಡು ಸಲ ಹೋಗಿತ್ತಾದ್ದರಿಂದ, ಊರಿಗೆ ಬಂದ ಮೇಲೆ ಹೆದರಿಕೆಯಾಗಿ ನಾಲ್ಕು ತಿಂಗಳು ತುಂಬಲಿ ಎಂದು ಬಾಯಿ ಮುಚ್ಚಿಕೊಂಡೆ. ಮುಂಬಯಿಗೆ ಬಂದ ಐದನೇ ದಿನ ಅದೂ ಹೋಯಿತು. ಬಾಯಾರಿದ್ದಕ್ಕೆ ಹೋಯಿತೇ ಎಂದು ಡಾಕ್ಟರನ್ನು ಕೇಳಿದೆ. ಹಾಗೆಂದು ಹೇಳಲು ಬರುವುದಿಲ್ಲ, ಮೊದಲೂ ಹೋಗಿದೆಯಲ್ಲ ಎಂದರು. ಆಮೇಲೆ ನನಗೆ ನಿಲ್ಲಲಿಲ್ಲ.

ಇದನ್ನೆಲ್ಲ ಕೇಳಿದ ರಾತ್ರಿಯಿಂದ ನಾನು ನಿಮ್ಮನ್ನು ಮನಸ್ಸಿನಲ್ಲಿ ಎಷ್ಟು ಬಯ್ದಿದ್ದೇನೆ ಎಂದು ಬರೆಯುವುದಿಲ್ಲ. ನೀರು ಇತ್ತು. ನಾನು ಕಲ್ಲಿನ ನೆರಳಿನಲ್ಲಿ ಮಲಗಿ ಹೊಟ್ಟೆ ಹಿಡಿದುಕೊಂಡಿದ್ದಾಗ ಇಪ್ಪತ್ತು ಹೆಜ್ಜೆ ದೂರದಲ್ಲಿ ನೀರು ಇತ್ತು.

ಆದರೆ ನನ್ನದೂ ಒಂದಿದೆ. ಗೆರಟೆ ತಂದು ಕೊಟ್ಟಾಗ ಇವರು, "ಕಲ್ಲಿನ್ ಸಂದಿಯಗೆ ಒರತಿ ಸಿಕ್ಕಿತ್. ಹನಿ ಹನಿ ಬತ್ತ್. ಯಾರಿಗೂ ಹೇಳ್ಬೇಡ, ಎಲ್ಲರಿಗೆ ಸಾಕಾತಿಲ್ಲೆ" ಎಂದಿದ್ದರು. ನಾನು ನಂಬಿದೆ. ನಂಬಿ ಸುಮ್ಮನೆ ಕುಡಿದೆ. ಧನ್ಯ "ಅತ್ತೆ, ನಂಗ್ ಬಾಯಿ ಉರಿತ್" ಎಂದು ನನ್ನ ಮಡಿಲಿಗೆ ಬಂದು ಮಲಗಿದಳು. ಅವಳ ತುಟಿಯಲ್ಲಿ ರಕ್ತ ಒಣಗಿತ್ತು. ನಾನು ಅವಳ ತಲೆ ಸವರಿದೆ, ಒರತೆಯ ವಿಷಯ ಹೇಳಲಿಲ್ಲ. ಆ ಹುಡುಗಿಗೆ ನೀವು ನೀರು ಕೊಡುತ್ತಿದ್ದಿರಿ ಎಂದು ನನಗೆ ಗೊತ್ತಿರಲಿಲ್ಲವಲ್ಲ. ಅವಳಿಗೆ ನೀರಿಲ್ಲ ಎಂದೇ ತಿಳಿದು ಸುಮ್ಮನಿದ್ದವಳು ನಾನು.

ಹಾಗಾಗಿ ಬಯ್ದು ಮುಗಿಸಲೂ ಆಗುವುದಿಲ್ಲ. ಹದಿಮೂರು ವರ್ಷ ಇವರನ್ನು ನೀವು ಕಳ್ಳ ಎಂದುಕೊಂಡಿರಿ. ಅದೊಂದನ್ನು ತಿಳಿಸಬೇಕಿತ್ತು.

ಪುಷ್ಪ


ಮಡಿಕಲ್
11-10-2012

ಪುಷ್ಪ,

ನಿನ್ನ ಕಾಗದವನ್ನು ಬಿಜೂರಿನಿಂದ ಬರುವ ದಾರಿಯಲ್ಲಿ ಅಂಚೆಯವರು ಕೊಟ್ಟರು. ಅಲ್ಲೇ ಮೋರಿಯ ಕಟ್ಟೆಯ ಮೇಲೆ ಕುಳಿತು ಓದಿದೆ. ಎದ್ದು ಬುಟ್ಟಿ ತಲೆಗೆ ಏರಿಸಲು ಆಗಲಿಲ್ಲ. ಬುಟ್ಟಿ ಖಾಲಿಯೇ ಇತ್ತು.

ಎಲ್ಲವೂ ನಿಜ. ಆದಿತ್ಯವಾರ ಸಂಜೆಯಾದರೂ ನಿನ್ನ ಅಣ್ಣ ಬರದಿದ್ದಾಗ ಅವರು ಸತ್ತರು ಎಂದೇ ನಾನು ತೀರ್ಮಾನ ಮಾಡಿದೆ. ದೂರದಲ್ಲಿ ಹೋದ ಬೋಟುಗಳಿಗೆ ನಾವು ಸೀರೆ ಬೀಸಿದ್ದು, ಯಾರೂ ಕಾಣದ್ದು ನಿನಗೂ ನೆನಪಿರಬೇಕು. ಗಂಡ ಹೋದ, ಈ ಮಗುವೊಂದನ್ನಾದರೂ ಉಳಿಸಿಕೊಳ್ಳಬೇಕು ಎಂಬುದು ಬಿಟ್ಟು ತಲೆಯಲ್ಲಿ ಬೇರೆ ಏನೂ ಇರಲಿಲ್ಲ. ನೀರು ಬೇರೆ ಮಾಡಿ, ಉಳಿದದ್ದರಲ್ಲಿ ಒಂದು ಲೋಟದಷ್ಟನ್ನು ಮರಳಿಗೆ ಚೆಲ್ಲಿ, ಕ್ಯಾನು ಮಗುಚಿತು ಎಂದು ಕೂಗಿದೆ. ನೀವು ನಂಬಲಿ ಎಂದು ಕುಡಿಯುವ ನೀರನ್ನು ಚೆಲ್ಲಿದೆ. ಅದೇ ನನಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚುವುದು.

ನಾನೂ ಅದರಲ್ಲಿ ಕುಡಿಯಲಿಲ್ಲ. ಅದನ್ನು ಹೇಳಿ ಪ್ರಯೋಜನವಿಲ್ಲ, ಆದರೂ ಹೇಳುತ್ತೇನೆ. ಅವಳಿಗೂ ಬಾಯಿ ಒದ್ದೆಯಾಗುವಷ್ಟೇ ಕೊಟ್ಟೆ. ಇನ್ನೆಷ್ಟು ದಿನವೋ ಎಂಬ ಹೆದರಿಕೆ. ಗುರುತಿಗಿಂತ ನೀರು ಕೆಳಗೆ ಹೋದದ್ದು ಕಂಡಾಗ ರತನಣ್ಣ ಆ ಕಡೆಯಿಂದ ಬರುತ್ತಿದ್ದರು. ದೊಡ್ಡ ಗಂಡಸು ಮಗುವಿನ ಬಾಯಿಯ ನೀರು ಕದ್ದು ಕುಡಿಯುತ್ತಾನಲ್ಲ ಎಂದು ಹೊಟ್ಟೆ ಉರಿಯಿತು. ಕೇಳುವ ಹಾಗಿರಲಿಲ್ಲ. ಕೇಳಿದರೆ ಬಚ್ಚಿಟ್ಟದ್ದು ನಾನು ಎಂದಾಗುತ್ತದೆ. ಅವರನ್ನು ದ್ವೇಷಿಸುತ್ತಾ ಇದ್ದಷ್ಟು ದಿನ ನನ್ನದು ತಪ್ಪು ಅನ್ನಿಸುತ್ತಿರಲಿಲ್ಲ, ಪುಷ್ಪ. ಅವರ ತಪ್ಪೇ ದೊಡ್ಡದಾಗಿ ಕಾಣುತ್ತಿತ್ತು.

ನೀನು ಬಸುರಿ ಎಂದು ಗೊತ್ತಿದ್ದರೆ ಕೊಡುತ್ತಿದ್ದೆ. ಹಾಗೆ ಬರೆದು ಮತ್ತೆ ಓದಿದೆ. ಕೊಡುತ್ತಿದ್ದೆನೋ ಇಲ್ಲವೋ ನನಗೇ ಗೊತ್ತಿಲ್ಲ.

ನಿನ್ನ ಅಣ್ಣನಿಗೆ ಎಲ್ಲ ಹೇಳಿದೆ. ನಾಲ್ಕು ದಿನ ನನ್ನ ಜೊತೆ ಮಾತಾಡಲಿಲ್ಲ. ಐದನೇ ದಿನ ಬೆಳಿಗ್ಗೆ, "ಕೋಡಿ ಬದಿಯರಿಗ್ ಯಾವತ್ತ್ ಕರೂಕ್ ಹೋಪುದ್?" ಎಂದು ಕೇಳಿದರು. ಮದುವೆಗೆ ಕರೆಯುವ ಮಾತು. ಅಷ್ಟೇ.

ಕ್ಷಮಿಸು ಎಂದು ಬರೆಯಲು ನಾಚಿಕೆಯಾಗುತ್ತದೆ. ಮದುವೆಗೆ ನೀನು ಬರದಿದ್ದರೆ ನಾನು ಯಾರಿಗೂ ಕಾರಣ ಹೇಳುವುದಿಲ್ಲ, ನಿನ್ನ ಮೇಲೆ ಹಾಕುವುದಿಲ್ಲ.

ಹರಿಣಾಕ್ಷಿ


ಭಾಂಡುಪ್
5-12-2012

ಅತ್ತಿಗೆಗೆ,

ಕ್ಷಮಿಸಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಇಲ್ಲ ಎಂದರೂ ಸುಳ್ಳು. ಸಿಟ್ಟು ಹೊತ್ತುಕೊಂಡು ಓಡಾಡುವಷ್ಟು ತ್ರಾಣ ನನ್ನಲ್ಲಿ ಉಳಿದಿಲ್ಲ. ಬೆಳಿಗ್ಗೆ ಇವರನ್ನು ಎಬ್ಬಿಸಿ, ಮೀಯಿಸಿ, ಉಣ್ಣಿಸಿ, ಮತ್ತೆ ಮಲಗಿಸುವಷ್ಟರಲ್ಲಿ ನನ್ನ ದಿನ ಮುಗಿಯುತ್ತದೆ.

ಕೊಡುತ್ತಿದ್ದೆನೋ ಗೊತ್ತಿಲ್ಲ ಎಂದು ಬರೆದಿದ್ದೀರಲ್ಲ, ಆ ಸಾಲನ್ನು ಇವರಿಗೆ ಓದಿ ಹೇಳಿದೆ. ಇವರು ಹೌದೆಂಬಂತೆ ತಲೆ ತೂಗಿದರು. "ಹೋಪ" ಎಂದರು.

ಟಿಕೆಟು ಮಾಡಿಸಿದ್ದೇನೆ. ಮದುವೆಗೆ ನಾಲ್ಕು ದಿನ ಮೊದಲು ಬರುತ್ತೇವೆ. ಇವರಿಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ, ಕೆಳಗಿನ ಕೋಣೆ ಇರಲಿ. ಅನ್ನವನ್ನು ಮೆತ್ತಗೆ ಬೇಯಿಸಬೇಕು. ನೆಲದ ಮೇಲೆ ಕೂರುವುದಿಲ್ಲ, ಒಂದು ಕುರ್ಚಿ ಬೇಕು.

ಪುಷ್ಪ


ಮಡಿಕಲ್
3-3-2013

ಪ್ರೀತಿಯ ಪುಷ್ಪ,

ನೀವು ಸುಖವಾಗಿ ಮುಟ್ಟಿದ್ದು ಫೋನಿನಲ್ಲಿ ತಿಳಿಯಿತು. ಧನ್ಯ ನಿನ್ನೆ ಬಂದು ಹೋದಳು. ಆ ಮನೆಯವರು ಒಳ್ಳೆಯವರ ಹಾಗೆ ಕಾಣುತ್ತಾರೆ. ಧಾರೆಯ ಹೊತ್ತಿಗೆ ನೀನು ಅವಳ ಹಿಂದೆ ನಿಂತು ಸೆರಗು ಸರಿಮಾಡಿದೆಯಲ್ಲ, ಅದನ್ನೇ ಮತ್ತೆ ಮತ್ತೆ ಹೇಳಿದಳು.

ಎಂಟು ದಿನ ಒಂದೇ ಮನೆಯಲ್ಲಿದ್ದೂ ನಾವಿಬ್ಬರು ಆ ಮಾತು ಎತ್ತಲಿಲ್ಲ. ತೆಂಗಿನಕಾಯಿ ತುರಿದೆವು, ಹೂವು ಕಟ್ಟಿದೆವು. ನನಗೂ ಬಾಯಿ ಬರಲಿಲ್ಲ, ನಿನಗೂ ಬೇಡವೆಂದು ಕಂಡಿತು. ಆದರೆ ಬೈಂದೂರು ಸ್ಟೇಷನ್ನಿನಲ್ಲಿ ನೀನು ಮತ್ತು ನಿನ್ನ ಅಣ್ಣ ರೈಲಿನ ಡಬ್ಬಿ ಎಲ್ಲಿ ನಿಲ್ಲುತ್ತದೆ ಎಂದು ವಿಚಾರಿಸಲು ಹೋದಾಗ, ಬೆಂಚಿನ ಮೇಲೆ ರತನಣ್ಣ ಮತ್ತು ನಾನು ಇಬ್ಬರೇ ಇದ್ದೆವು. ಅಲ್ಲಿ ನಡೆದದ್ದನ್ನು ನಿನಗೆ ಬರೆಯಬೇಕು. ಬರೆಯಲು ಅವರೇ ಹೇಳಿದ್ದಾರೆ.

ನಾನು, "ರತನಣ್ಣ, ನಾನ್ ನಿಮ್ನ ಕಳ್ಳ ಅಂದ್ಕಂಡ್ ಇಷ್ಟ್ ವರ್ಷ ಕಳ್ದೆ. ನನ್ ತಪ್ಪಾಯ್ತ್" ಎಂದೆ.

ಅವರು ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು. ಮಾತು ಹೊರಡಲು ಹೊತ್ತು ಹಿಡಿಯಿತು. "ಅಕ್ಕ, ಅದ್ ಶಣ್ಣ ಹೆಣ್ಣಿನ್ ನೀರ್. ನಾನ್ ಕದ್ದದ್ದ್ ಹೌದೇ. ನೀವ್ ಸಿಟ್ಟ್ ಮಾಡ್ದ್ರಗೆ ತಪ್ಪೆಂತ ಇತ್ತ್?"

"ನೀವ್ ಕುಡೀಲಿಲ್ಲೆ. ಹೆಂಡ್ತಿಗ್ ಕೊಟ್ರಿ" ಎಂದೆ.

ಅವರು ತಲೆ ಅಲ್ಲಾಡಿಸಿದರು. "ಕುಡ್ದಿದೆ. ಕಡೆ ದಿನ, ಎರಡ್ ಗುಟ್ಕ್. ಪುಷ್ಪಂಗ್ ಕೊಡೂಕ್ ಹೊರ್ಟ್, ಅಲ್ಲೇ ನಿಂತ್ ಕುಡ್ದೆ. ಅವ್ಳಿಗ್ ಹೇಳೂಕ್ ಆಯ್ಲಿಲ್ಲೆ. ಆ ಮಗು ಹೋಯ್ತಲೆ, ಹ್ಯಾಂಗ್ ಹೇಳುದ್?" ಎಂದು ಕಣ್ಣೊರೆಸಿಕೊಂಡರು. ಆಮೇಲೆ, "ನೀವೇ ಬರೀನಿ ಅಕ್ಕ. ನನ್ ನಾಲ್ಗಿ ತಿರ್ಗುದಿಲ್ಲೆ, ಕೈಯೂ ಇಲ್ಲೆ" ಎಂದರು.

ಅಷ್ಟರಲ್ಲಿ ನೀವು ಬಂದಿರಿ. ರೈಲಿಗೆ ಹತ್ತಿಸುವ ಗಡಿಬಿಡಿಯಲ್ಲಿ ಅವರ ತೋಳು ಹಿಡಿದವಳು ನಾನು. ಎಷ್ಟು ಹಗುರಾಗಿದ್ದಾರೆ.

ಇದನ್ನು ಓದಿದ ಮೇಲೆ ಅವರಿಗೆ ಏನೂ ಹೇಳಬೇಡ. ನಾನು ಬರೆದೆನೇ ಎಂದು ಕೇಳಿದರೆ, ಹೌದು, ಓದಿದೆ ಎನ್ನು. ಅದಕ್ಕಿಂತ ಹೆಚ್ಚು ಆ ಮನುಷ್ಯನಿಂದ ಕೇಳಬೇಡ. ಆ ಎರಡು ಗುಟುಕು ನನ್ನ ಲೆಕ್ಕದಲ್ಲಿ ಅವರಿಗೆ ಸಲ್ಲಬೇಕಾದದ್ದೇ.

ನಿಮ್ಮ ರೈಲು ಹೋದ ಮೇಲೆ ನಿನ್ನ ಅಣ್ಣ ಪೇಟೆಯಲ್ಲಿ ಏನೋ ಕೆಲಸವಿದೆ ಎಂದು ನಡೆದರು. ನಾನು ಆ ಬೆಂಚಿನ ಮೇಲೆಯೇ ಕುಳಿತೆ. ಇನ್ನೊಂದು ರೈಲು ಬಂದು ಹೋಯಿತು. ಪ್ಲಾಟ್‌ಫಾರಂ ಗುಡಿಸುವ ಹೆಂಗಸು ನನ್ನ ಕಾಲ ಹತ್ತಿರ ಬಂದು, "ಯಾರಿಗ್ ಕಾಯ್ತಾ ಇದ್ರಿ?" ಎಂದು ಕೇಳಿದಳು.

"ಯಾರಿಗೂ ಇಲ್ಲೆ. ಸುಮ್ನೆ ಕೂಕಂಡಿದೆ" ಎಂದೆ.

"ಕೂಕಣಿ" ಎಂದು ಅವಳು ನನ್ನ ಸುತ್ತ ಬಿಟ್ಟು ಆಚೆ ಗುಡಿಸುತ್ತಾ ಹೋದಳು.

ನಿನ್ನ ಅತ್ತಿಗೆ
ಹರಿಣಾಕ್ಷಿ